ನಮ್ಮ ಬೆಟ್ಟ, ಪರರ ಬೆಟ್ಟ

ಪ್ರವಾಸವೆಂಬುದು ಇಂದು ನಮ್ಮ ಸಮಾಜದ ಕುಟುಂಬಗಳ ವಾರ್ಷಿಕ ಖರ್ಚಿನಲ್ಲಿ ಒಂದು ಕಾಯಂ ಬಾಬತ್ತಾಗಿದೆ. ನಮ್ಮ ಹಿರಿಯರು ಊರು ಬಿಟ್ಟು ಹೊರಡುತ್ತಿದ್ದುದು ಮದುವೆ-ಮಂಗಲಗಳಿಗೆ, ಪಂಚಕಲ್ಯಾಣಕ್ಕೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ, ಇಲ್ಲವೆ ಮಾಲಿನ ಖರೀದಿಗೆ. ಪ್ರತಿಯೊಂದು ಪ್ರಯಾಣಕ್ಕೂ ಒಂದು ಪ್ರಯೋಜನವಿತ್ತು. ಅದು ತೀರಿದೊಡನೆ ಮನೆಗೆ ಮರಳುತ್ತಿದ್ದರು. ಈಗ ಪುಣೆ, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳು ಹೊಸ ವರ್ಷದ ದಿನದರ್ಶಿಕೆ ಕೈಗೆ ಬಂದೊಡನೆ ಯಾವ ಹಬ್ಬ ಶುಕ್ರವಾರ, ಯಾವುದು ಸೋಮವಾರ ಎಂದು ಗುರುತು ಹಾಕುತ್ತಾರೆ. ಹಬ್ಬವನ್ನು ಶನಿವಾರ-ಭಾನುವಾರಗಳಿಗೆ ಜೋಡಿಸಿದರೆ ಮೂರು ದಿನಗಳ ಬಿಡುವು ದೊರೆಯುತ್ತದೆ. ಆ ಮೂರು ದಿನಗಳಲ್ಲಿ ಎಷ್ಟು ಸ್ಥಳಗಳನ್ನು ನೋಡಬಹುದೋ ಅಷ್ಟನ್ನೂ ಪಟ್ಟಿಗೆ ಸೇರಿಸುತ್ತಾರೆ. ದುಡಿಯುವ ಮಕ್ಕಳಿಗೆ ವಿಶ್ರಾಂತಿ ಅವಶ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವ್ಯಾಪಾರಕ್ಕೆ ಒಂದು ನೀತಿ ಇರುವಂತೆ, ಭೋಜನಕ್ಕೆ ಒಂದು ನೀತಿ ಇರುವಂತೆ ಪ್ರವಾಸಕ್ಕೂ ಒಂದು ನೀತಿ ಇರಬೇಕಲ್ಲವೆ ಎಂಬ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಝಳಕಿಯು ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. ಮೊದಲು 13ನೆಯ ಸಂಖ್ಯೆಯದಾಗಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 52ನೆಯ ಸಂಖ್ಯೆ. ಇದರ ಒಂದು ತುದಿ ನಮ್ಮ ಅಂಕೋಲೆಯಲ್ಲಿದ್ದರೆ ಇನ್ನೊಂದು ತುದಿ ಪಂಜಾಬದ ಸಂಗ್ರೂರಿನಲ್ಲಿದೆ. ಹಿಮಾಚಲದ ಸೇಬಿನ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳು ದಕ್ಷಿಣಕ್ಕೆ ಹೋಗುವುದನ್ನೂ ಇಂಡಿ ಭಾಗದ ಲಿಂಬೆ, ದಾಳಿಂಬೆ, ಒಣದ್ರಾಕ್ಷಿಗಳು ಉತ್ತರಕ್ಕೆ ಹೋಗುವುದನ್ನೂ ನಾನು ದವಸ-ಧಾನ್ಯದ ಅಂಗಡಿಯಲ್ಲಿ ಕುಳಿತು ನಾಲ್ಕು ದಶಕಗಳಿಂದ ನೋಡುತ್ತ ಬಂದಿದ್ದೇನೆ. ಆದರೆ ಆ ಸೇಬು ಬೆಳೆಯುವ ಬೆಟ್ಟವನ್ನು ನೋಡಿದ್ದು 2024ರ ಸಂಕ್ರಾಂತಿಯ ಸಮಯದಲ್ಲಿ. ಆ ವರ್ಷ ಜನವರಿ 13 ಎರಡನೆಯ ಶನಿವಾರ, 14 ಭಾನುವಾರ, 15 ಸೋಮವಾರ ಸಂಕ್ರಾಂತಿ. ಪುಣೆಯಲ್ಲಿರುವ ನನ್ನ ಮಗನು ಈ ಮೂರು ದಿನಗಳಿಗೆ ಕುಫ್ರಿ, ನಾರ್ಕಂಡಾ, ಸೋಲಂಗ್, ಸಿಸ್ಸು ಎಂಬ ನಾಲ್ಕು ಹಿಮಕ್ರೀಡಾ ತಾಣಗಳ ಪಟ್ಟಿಯನ್ನು ಸಿದ್ಧಪಡಿಸಿ ನಮ್ಮನ್ನೂ ಜೊತೆಗೆ ಕರೆದನು. ಹನ್ನೆರಡು ವರ್ಷದ ಮೊಮ್ಮಗನಿಗೆ ಸ್ಕೀಯಿಂಗ್ ಕಲಿಯುವ ಆಸೆ. ಶುಕ್ರವಾರ ಚಂಡೀಗಢ ಸೇರಿ, ಅಲ್ಲಿಂದ ಕಾರಿನಲ್ಲಿ ಶಿಮ್ಲಾಕ್ಕೆ ಹೋಗುವುದೆಂದು ನಿಶ್ಚಯವಾಯಿತು. ನನ್ನ ಮನೆಯವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕುಸುರೆಳ್ಳು ಕಟ್ಟಿಕೊಂಡರು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರಿಗೆ ಪ್ರಯಾಣದಲ್ಲಿ ಬುತ್ತಿಯೇ ಆಸರೆ.

ಸ್ಕೀಯಿಂಗ್ ಎಂಬುದು ನಮ್ಮ ಬಯಲು ಸೀಮೆಯವರಿಗೆ ಅಪರಿಚಿತವಾದ್ದರಿಂದ ಎರಡು ಮಾತು ಹೇಳುವುದು ಅವಶ್ಯ. ಪಾದಗಳಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು, ಎರಡೂ ಕೈಗಳಲ್ಲಿ ಕೋಲು ಹಿಡಿದು ಹಿಮದ ಮೇಲೆ ಜಾರುವ ವಿದ್ಯೆ ಇದು. ನಾರ್ವೆ, ಸ್ವೀಡನ್ ಮೊದಲಾದ ಶೀತ ದೇಶಗಳಲ್ಲಿ ಬಹು ಪ್ರಾಚೀನ ಕಾಲದಿಂದ ಚಳಿಗಾಲದಲ್ಲಿ ಊರಿಂದೂರಿಗೆ ಹೋಗುವ ಸಾಧನವಾಗಿದ್ದು, ಅನಂತರ ಕ್ರೀಡೆಯಾಗಿ ಬೆಳೆಯಿತು. ನಮ್ಮ ದೇಶದಲ್ಲಿ ಇದಕ್ಕೆ ಮೊದಲು ನೆಲೆ ದೊರೆತದ್ದು ಕಾಶ್ಮೀರದ ಗುಲ್ಮಾರ್ಗದಲ್ಲಿ. ಬ್ರಿಟಿಷರು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು. ಮನಾಲಿಯಲ್ಲಿ 1961ರಲ್ಲಿ ಆರಂಭವಾದ ಪರ್ವತಾರೋಹಣ ಸಂಸ್ಥೆಯು ಸೋಲಂಗ್ ಇಳಿಜಾರುಗಳಲ್ಲಿ ಈ ವಿದ್ಯೆಯನ್ನು ಕಲಿಸುತ್ತ ಬಂದಿದೆ. ಹಿಮವನ್ನೇ ಕಾಣದ ನಮ್ಮ ಕರ್ನಾಟಕದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದುಕೊಟ್ಟರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನೂ ಪಡೆದರು. ಒಂದು ಬೆಟ್ಟದಲ್ಲಿ ನಿಂತು, ವರ್ಷಗಟ್ಟಲೆ ಬಿದ್ದೆದ್ದು ಕಲಿತವರಿಗೆ ಮಾತ್ರ ದಕ್ಕುವ ವಿದ್ಯೆ ಇದು. ಅಂಥ ಸಾಧನೆಯ ಬಗ್ಗೆ ನನಗೆ ಗೌರವವೇ ಇದೆ. ಈ ಲೇಖನದ ವಿಚಾರ ಆಟದ್ದಲ್ಲ, ಆಟದ ಹೆಸರಿನಲ್ಲಿ ಬೆಟ್ಟವೇರುವ ನಮ್ಮ ಅವಸರದ್ದು.

ನಾವು ಹೋದ ಜನವರಿಯಲ್ಲಿ ಹಿಮಾಲಯದ ಮೇಲೆ ಹಿಮವೇ ಇರಲಿಲ್ಲ. ಚಳಿಗಾಲದಲ್ಲಿ ಪಶ್ಚಿಮ ದಿಕ್ಕಿನಿಂದ ಬರುವ ವಾಯುಭಾರ ಕುಸಿತಗಳು ಅಲ್ಲಿಗೆ ಮಳೆ ಹಾಗೂ ಹಿಮವನ್ನು ತರುತ್ತವೆ. ಆ ವರ್ಷ ಅವು ಬಲವಾಗಿ ಬರಲಿಲ್ಲ. ವಾಯವ್ಯ ಭಾರತದಲ್ಲಿ 1901ರಿಂದ ಲೆಕ್ಕವಿಟ್ಟಿರುವ ಜನವರಿ ತಿಂಗಳುಗಳಲ್ಲಿ ಅದು ಅತ್ಯಂತ ಒಣ ಜನವರಿಗಳಲ್ಲೊಂದು. ಗುಲ್ಮಾರ್ಗದ ಇಳಿಜಾರುಗಳು ಸಹ ಕಂದು ಬಣ್ಣದ ಹುಲ್ಲಿನಿಂದ ಕೂಡಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಆದರೂ ಪ್ರಯಾಣದ ಟಿಕೆಟುಗಳಾಗಿದ್ದವು, ಹೋಟೆಲಿಗೆ ಮುಂಗಡ ಸಂದಾಯವಾಗಿತ್ತು. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಹಿಮ ಸಿಕ್ಕೀತೆಂಬ ಭರವಸೆಯೂ ಇತ್ತು.

ಶನಿವಾರ ಬೆಳಿಗ್ಗೆ ಶಿಮ್ಲಾದಿಂದ ಸುಮಾರು ಹದಿನೈದು ಕಿಲೋಮೀಟರು ದೂರದ ಕುಫ್ರಿಗೆ ಹೋದೆವು. ರಸ್ತೆಯ ಬದಿಯಲ್ಲಿ ಉದ್ದನೆಯ ರಬ್ಬರ್ ಬೂಟು, ದಪ್ಪ ಕೋಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳ ಸಾಲು. ಹಿಮವಿಲ್ಲದಿದ್ದರೂ ಬೂಟುಗಳು ಬಾಡಿಗೆಗೆ ಹೋಗುತ್ತಿದ್ದವು. ಅದನ್ನು ತೊಟ್ಟು ಒಣ ಹುಲ್ಲಿನ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವವರೂ ಇದ್ದರು. ವ್ಯಾಪಾರಿಯಾದ ನನಗೆ ಆ ಅಂಗಡಿಕಾರರ ಸಂಕಟ ಅರ್ಥವಾಗುತ್ತಿತ್ತು. ಚಳಿಗಾಲದ ಕೆಲವು ವಾರಗಳ ಗಳಿಕೆಯಲ್ಲಿ ಅವರು ವರ್ಷದ ಸಂಸಾರ ತೂಗಿಸಬೇಕು. ಅಲ್ಲಿಂದ ಮಹಾಸು ಶಿಖರಕ್ಕೆ ಯಾತ್ರಿಕರನ್ನು ಹೊತ್ತೊಯ್ಯುವ ಕುದುರೆಗಳು ಬಹಳ. ಒಂದು ಸಣ್ಣ ಕುದುರೆಯ ಮೇಲೆ ಇಬ್ಬರನ್ನು ಕೂರಿಸಬೇಕೆಂದು ಒಂದು ಕುಟುಂಬದವರು ಹಟ ಹಿಡಿದಿದ್ದರು, ಕುದುರೆಯವನು ಒಲ್ಲೆನೆನ್ನುತ್ತಿದ್ದನು. ಕೊನೆಗೆ ಅವರು ಎರಡು ಪಟ್ಟು ಹಣ ಕೊಡುವುದಾಗಿ ಹೇಳಲು ಆತ ಸುಮ್ಮನಾದನು. ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಶಕ್ತಿ ಮೀರಿ ಭಾರ ಹೇರುವುದು ಹಿಂಸೆಯೆಂದು ನಾವು ಎತ್ತಿನ ಗಾಡಿಯ ಸಂಬಂಧದಲ್ಲಿ ಬಾಲ್ಯದಿಂದ ಕೇಳಿದ್ದೇವೆ. ಹಣ ಎರಡು ಪಟ್ಟಾದರೆ ಕುದುರೆಯ ಬೆನ್ನು ಎರಡು ಪಟ್ಟು ಆಗುವುದಿಲ್ಲ. ನಮ್ಮ ಮೊಮ್ಮಗನು ಕುದುರೆ ಬೇಡವೆಂದು ನಡೆದೇ ಸ್ವಲ್ಪ ದೂರ ಹೋಗಿಬಂದನು.

ಮಧ್ಯಾಹ್ನ ನಾರ್ಕಂಡಾ ತಲುಪಿದೆವು. ದೇವದಾರು ಮರಗಳ ನಡುವಿನ ಸ್ಕೀ ಇಳಿಜಾರು ಬೋಳಾಗಿತ್ತು. “ಅಜ್ಜಾ, ಇಲ್ಲೀನೂ ಹಿಮ ಇಲ್ಲಲ್ಲ!” ಎಂದು ಮೊಮ್ಮಗನು ಸಪ್ಪಗಾದನು. ಅಲ್ಲಿಯ ಚಹದ ಅಂಗಡಿಯಲ್ಲಿ ಒಬ್ಬ ಹಿರಿಯ ತೋಟಗಾರರ ಪರಿಚಯವಾಯಿತು. ನಾರ್ಕಂಡಾದ ಹತ್ತಿರದ ಕೋಟಗಢವು ಹಿಮಾಚಲದ ಸೇಬಿಗೆ ತವರುಮನೆ. ಅಮೆರಿಕದಿಂದ 1904ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬುವರು ಅಲ್ಲಿ ನೆಲೆಸಿ, ತಮ್ಮ ದೇಶದಿಂದ ಸೇಬಿನ ಉತ್ತಮ ತಳಿಯನ್ನು ತರಿಸಿ ರೈತರಿಗೆ ಪರಿಚಯಿಸಿದರು. ಮುಂದೆ ಸತ್ಯಾನಂದ ಎಂಬ ಹೆಸರನ್ನು ಸ್ವೀಕರಿಸಿದರು. ಆ ತೋಟಗಾರರು ಹೇಳಿದ ಸಂಗತಿ ನನಗೆ ಹೊಸದಾಗಿತ್ತು. ಸೇಬಿನ ಗಿಡವು ಚಳಿಗಾಲದಲ್ಲಿ ಮಲಗಬೇಕು. ಏಳು ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸುಮಾರು ಸಾವಿರ ಗಂಟೆಗಳ ಕಾಲ ಅದು ಮಲಗಿದರೆ ಮಾತ್ರ ವಸಂತದಲ್ಲಿ ಸರಿಯಾಗಿ ಹೂ ಬಿಡುತ್ತದೆ. ಹಿಮವು ನೆಲಕ್ಕೆ ಹೊದಿಕೆಯಾಗಿ, ನಿಧಾನವಾಗಿ ಕರಗಿ, ಬೇರಿಗೆ ಬೇಸಿಗೆಯವರೆಗೆ ತೇವ ಕೊಡುತ್ತದೆ. ಹಿಮ ಬೀಳದಿದ್ದರೆ ಹೂವು ಕಡಿಮೆ, ಕಾಯಿ ಸಣ್ಣದು, ಚಿಲುಮೆಗಳು ಬೇಗ ಬತ್ತುತ್ತವೆ. ಅವರು ಮಾತಿನ ನಡುನಡುವೆ ಆಕಾಶ ನೋಡುತ್ತಿದ್ದರು.

ಈ ನೋಟ ನನಗೆ ಚಿರಪರಿಚಿತ. ನಮ್ಮ ಇಂಡಿ, ಸಿಂದಗಿಗಳ ಎರೆ ಹೊಲದ ಒಕ್ಕಲಿಗನು ಹಿಂಗಾರಿ ಜೋಳ ಬಿತ್ತುವ ಮುಂಚೆ ಹಸ್ತಾ ಮಳೆಗಾಗಿ ಇದೇ ರೀತಿ ಮುಗಿಲು ನೋಡುತ್ತಾನೆ. ಮಳೆ ಹೋದ ವರ್ಷ ನಮ್ಮ ಅಂಗಡಿಯ ಉದ್ರಿ ವಸೂಲಾಗುವುದಿಲ್ಲ. ಊರಿಗೆ ಟ್ಯಾಂಕರಿನ ನೀರು ಬರುತ್ತದೆ. ಅಂಥ ವರ್ಷದಲ್ಲಿ ಯಾರೋ ದೂರದವರು ಕಾರಿನಲ್ಲಿ ಬಂದು, ಮಳೆಯಲ್ಲಿ ನೆನೆದು ಕುಣಿಯಬೇಕೆಂದಿದ್ದೆವು, ಮಳೆಯೇ ಇಲ್ಲವಲ್ಲ, ನಮ್ಮ ಹಣ ದಂಡವಾಯಿತೆಂದು ನಮ್ಮೂರ ಕಟ್ಟೆಯ ಮೇಲೆ ಕುಳಿತು ಗೊಣಗಿದರೆ ನಮಗೆ ಹೇಗೆ ತೋರೀತು? ಆ ದಿನ ನಾರ್ಕಂಡಾದ ಪೇಟೆಯಲ್ಲಿ ಎಲ್ಲ ಪ್ರವಾಸಿಗರ ಬಾಯಲ್ಲೂ ಅದೇ ಗೊಣಗಾಟ. ನಮಗೆ ನೋಟವಾದದ್ದು ಅವರಿಗೆ ಬೆಳೆ; ನಮಗೆ ತಪ್ಪಿದ್ದು ಒಂದು ಮಧ್ಯಾಹ್ನದ ವಿನೋದ, ಅವರಿಗೆ ತಪ್ಪಿದ್ದು ಒಂದು ವರ್ಷದ ಅನ್ನ.

ಭಾನುವಾರವೆಲ್ಲ ಕಾರಿನಲ್ಲಿಯೇ ಕಳೆಯಿತು. ಶಿಮ್ಲಾದಿಂದ ಬಿಲಾಸಪುರ, ಮಂಡಿ, ಕುಲ್ಲು ಮಾರ್ಗವಾಗಿ ಮನಾಲಿಗೆ ಹೋಗುವ ದಾರಿಯಲ್ಲಿ ಬಿಯಾಸ್ ನದಿಯ ದಂಡೆ ಅನೇಕ ಕಡೆ ಕಿತ್ತುಹೋಗಿತ್ತು. 2023ರ ಜುಲೈಯಲ್ಲಿ ಬಂದ ಮಹಾಪೂರವು ರಸ್ತೆ, ಸೇತುವೆ, ಕಟ್ಟಡಗಳನ್ನು ಕೊಚ್ಚಿಕೊಂಡು ಹೋದ ಗುರುತುಗಳು ಅವು. ಅದೇ ಆಗಸ್ಟಿನಲ್ಲಿ ಶಿಮ್ಲಾದಲ್ಲಿಯೂ ಗುಡ್ಡ ಕುಸಿದು ಜನರು ಪ್ರಾಣ ಕಳೆದುಕೊಂಡಿದ್ದರು. ಹೀಗೆ ಗಾಯಗೊಂಡ ಬೆಟ್ಟದ ಮೇಲೆ ಆರು ತಿಂಗಳೊಳಗಾಗಿ ವಾಹನಗಳ ಸಾಲು ಮತ್ತೆ ಏರುತ್ತಿತ್ತು. ಅವುಗಳಲ್ಲಿ ನಮ್ಮದೂ ಒಂದು.

ಈ ಸಾಲಿನ ಉದ್ದವನ್ನು ಎರಡು ಅಂಕಿಗಳು ಹೇಳುತ್ತವೆ. ಮನಾಲಿಯ ಮೇಲಿನ ರೋಹತಾಂಗ್ ಕಣಿವೆ ಹಾದಿಗೆ ದಿನಕ್ಕೆ 1,200 ಪ್ರವಾಸಿ ವಾಹನಗಳು ಮಾತ್ರ ಹೋಗಬಹುದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮಿತಿ ಹಾಕಿತು. ವಾಹನಗಳ ಹೊಗೆಯ ಮಸಿಯು ಹಿಮದ ಮೇಲೆ ಕುಳಿತರೆ ಬಿಸಿಲನ್ನು ಹೀರಿ ಹಿಮ ಬೇಗ ಕರಗುತ್ತದೆಂಬುದು ಅದಕ್ಕೆ ಒಂದು ಕಾರಣ. ಅನಂತರ 2020ರ ಅಕ್ಟೋಬರ್ 3ರಂದು ಅದೇ ಪರ್ವತದ ಕೆಳಗೆ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗವು ತೆರೆಯಿತು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗುತ್ತಿದ್ದ ಲಾಹೌಲದ ಜನರಿಗೆ ಇದರಿಂದ ಆದ ಉಪಕಾರ ದೊಡ್ಡದು. ಈಗ ರೋಗಿಗಳು ಯಾವ ಕಾಲದಲ್ಲಿಯೂ ಆಸ್ಪತ್ರೆಗೆ ಬರಬಹುದು. ಆದರೆ ಅದೇ ಸುರಂಗದ ಮೂಲಕ 2023ರ ಕ್ರಿಸ್‌ಮಸ್ ರಜೆಯ ಒಂದೇ ದಿನ 28 ಸಾವಿರಕ್ಕೂ ಹೆಚ್ಚು ವಾಹನಗಳು ಹಾದುಹೋದವು. ದಟ್ಟಣೆ ತಪ್ಪಿಸಲು ಒಬ್ಬಾತನು ತನ್ನ ಜೀಪನ್ನು ಚಂದ್ರಾ ನದಿಯೊಳಗೇ ಇಳಿಸಿ ದಂಡ ತೆತ್ತನು. ಮೇಲೆ 1,200ರ ಮಿತಿ, ಕೆಳಗೆ 28 ಸಾವಿರ! ಬಾಗಿಲಿಗೆ ಬೀಗ ಹಾಕಿ ಗೋಡೆ ಒಡೆದುಕೊಟ್ಟಂತಾಯಿತು. ಮಿತಿಯು ಹೊರಗಿನಿಂದ ಬಂದಾಗ ಮನುಷ್ಯನು ಬಳಸುದಾರಿ ಹುಡುಕುತ್ತಾನೆ. ಒಳಗಿನಿಂದ ಬಂದ ಮಿತಿಗೆ ಮಾತ್ರ ಬಳಸುದಾರಿ ಇಲ್ಲ.

ಈ ಮಾತಿನ ಸತ್ಯವನ್ನು ಮರುದಿನವೇ ಕಂಡೆನು. ಸೋಮವಾರ ಬೆಳಿಗ್ಗೆ ಮನಾಲಿಯಿಂದ ಸೋಲಂಗಿಗೆ ಹೊರಟಾಗ ಪಲಚಾನ್ ಎಂಬ ಹಳ್ಳಿಯ ಹತ್ತಿರ ನಮ್ಮ ಕಾರಿನ ಚಾಲಕನು ತಾನಾಗಿಯೇ ಹಾಡನ್ನು ನಿಲ್ಲಿಸಿದನು. ಆತ ಆ ಕಣಿವೆಯವನೇ. ಮೊಮ್ಮಗನು ಏಕೆಂದು ಕೇಳಿದಾಗ ಆತ ವಿವರಿಸಿದನು. ಮನಾಲಿಯ ಮೇಲಿನ ಉಝಿ ಕಣಿವೆಯಲ್ಲಿ ಗೋಶಾಲ, ಬುರುವಾ, ಶನಾಗ್, ಪಲಚಾನ್, ಕೋಠಿ, ಸೋಲಂಗ್ ಮೊದಲಾದ ಒಂಬತ್ತು ಹಳ್ಳಿಗಳು ಮಕರ ಸಂಕ್ರಾಂತಿಯಿಂದ 42 ದಿನಗಳ ಕಾಲ ನಿಶ್ಶಬ್ದವನ್ನು ಪಾಲಿಸುತ್ತವೆ. ಅವರ ದೇವತೆಗಳಾದ ಗೌತಮ ಋಷಿ, ವ್ಯಾಸ ಋಷಿ, ಕಂಚನ ನಾಗರು ಆ ಕಾಲದಲ್ಲಿ ತಪಸ್ಸಿನಲ್ಲಿರುತ್ತಾರೆ, ಸದ್ದು ಅವರಿಗೆ ಭಂಗ ತರುತ್ತದೆ ಎಂಬುದು ನಂಬಿಕೆ. ಗೋಶಾಲದ ದೇವಾಲಯದ ನೆಲಕ್ಕೆ ಮಣ್ಣು ಸಾರಿಸಿ ಬಾಗಿಲು ಮುಚ್ಚುತ್ತಾರೆ, ಗಂಟೆಗಳನ್ನು ಕಟ್ಟಿಡುತ್ತಾರೆ. ಮನೆಗಳಲ್ಲಿ ದೂರದರ್ಶನ, ರೇಡಿಯೋ ಹಚ್ಚುವುದಿಲ್ಲ, ಮೊಬೈಲುಗಳ ಸದ್ದು ಅಡಗಿಸುತ್ತಾರೆ, ಹೊಲ ಅಗೆಯುವುದಿಲ್ಲ. 42 ದಿನಗಳಾದ ಮೇಲೆ ಬಾಗಿಲು ತೆರೆದು, ಆ ಮಣ್ಣಿನಲ್ಲಿ ಕಾಣುವ ಕುರುಹುಗಳಿಂದ ವರ್ಷದ ಫಲ ಹೇಳುತ್ತಾರೆ. ಸ್ಕೀಯಿಂಗಿನಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕವನ್ನು 2018ರಲ್ಲಿ ತುರ್ಕಿಯಲ್ಲಿ ಗೆದ್ದ ಆಂಚಲ್ ಠಾಕೂರ್ ಅವರು ಇದೇ ಬುರುವಾ ಗ್ರಾಮದವರು. ಲೋಕದೊಡನೆ ಸ್ಪರ್ಧಿಸುವ ಮಕ್ಕಳನ್ನು ಕೊಟ್ಟ ಊರುಗಳೇ ವರ್ಷದಲ್ಲಿ 42 ದಿನ ಸುಮ್ಮನಿರುವುದನ್ನೂ ಬಲ್ಲವು.

ಸೋಲಂಗಿನ ಮೈದಾನ ತಲುಪಿದಾಗ ಕಂಡದ್ದೇ ಬೇರೆ. ಅಲ್ಲಿಯೂ ಹಿಮವಿರಲಿಲ್ಲ. ಹಿಮದ ಬದಲಿಗೆ ನಾಲ್ಕು ಚಕ್ರದ ಮೋಟಾರು ಬಂಡಿಗಳು ಧೂಳೆಬ್ಬಿಸಿ ಓಡುತ್ತಿದ್ದವು. ಕಾರುಗಳ ಬಾಗಿಲು ತೆರೆದಿಟ್ಟು ಹಾಡು ಹಾಕಿ ಕುಣಿಯುವ ಗುಂಪುಗಳು ಮೂರು-ನಾಲ್ಕು. ಅವರಲ್ಲಿ ಯಾರೂ ದುಷ್ಟರಲ್ಲ. ವಾರವಿಡೀ ದುಡಿದು ಎರಡು ದಿನ ಸಂತೋಷವಾಗಿರಲು ಬಂದವರು. ತಾವು ಕುಣಿಯುತ್ತಿರುವ ನೆಲದ ಪಕ್ಕದ ಊರಿನಲ್ಲಿ ಜನರು ಪಾತ್ರೆಯ ಸದ್ದನ್ನೂ ಅಡಗಿಸಿ ಕುಳಿತಿದ್ದಾರೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಯುವುದಕ್ಕೆ ಅವರ ಪಟ್ಟಿಯಲ್ಲಿ ವೇಳೆಯೂ ಇರಲಿಲ್ಲ. ನನ್ನ ಮನೆಯವರು ಚಾಲಕನಿಗೆ ಕುಸುರೆಳ್ಳು ಕೊಟ್ಟು, ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತನಾಡುವುದು ನಮ್ಮ ಸಂಕ್ರಾಂತಿಯ ಪದ್ಧತಿಯೆಂದು ಮಗನ ಮೂಲಕ ಹಿಂದಿಯಲ್ಲಿ ಹೇಳಿಸಿದರು. ತಮ್ಮ ಸಂಕ್ರಾಂತಿ ಮಾತನ್ನೇ ಕಡಿಮೆ ಮಾಡಲು ಹೇಳುತ್ತದೆಂದು ಆತ ನಕ್ಕನು.

ಅಲ್ಲಿಂದ ಸುರಂಗ ದಾಟಿ ಸಿಸ್ಸುವಿಗೆ ಹೋದೆವು. ಬೆಟ್ಟದ ನೆರಳಿನ ಬದಿಯಲ್ಲಿ ಹಳೆಯ ಹಿಮದ ಕೆಲವು ತೇಪೆಗಳು ಉಳಿದಿದ್ದವು. ಅಂಗಳದಷ್ಟು ಅಗಲದ ಒಂದು ತೇಪೆಯ ಮೇಲೆ ನೂರಾರು ಜನರು ತುಳಿದಾಡಿ ಅದು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಮೊಮ್ಮಗನು ಅಂಚಿನಲ್ಲಿ ಕುಳಿತು ಒಂದು ಹಿಡಿ ಹಿಮವನ್ನು ಕೈಯಲ್ಲಿ ಹಿಡಿದು ನೋಡಿ, ಅದು ನೀರಾದ ಮೇಲೆ ಕೈ ಒರೆಸಿಕೊಂಡು ಎದ್ದನು. ಸ್ಕೀಯಿಂಗ್ ಆಗಲಿಲ್ಲ. ಮರಳಿ ಬರುವಾಗ ಸುರಂಗ ದಾಟಿ ಪಲಚಾನಿಗೆ ಹತ್ತಿರವಾದಾಗ ಅವನು ತನ್ನ ತಂದೆಯ ಮೊಬೈಲಿನಲ್ಲಿ ಹತ್ತಿದ್ದ ಹಾಡನ್ನು ತಾನೇ ನಿಲ್ಲಿಸಿದನು. ಯಾರೂ ಅವನಿಗೆ ಹೇಳಿರಲಿಲ್ಲ. ಆ ರಾತ್ರಿಯೇ ಚಂಡೀಗಢದತ್ತ ಇಳಿದೆವು.

ಲೆಕ್ಕಶಾಸ್ತ್ರ ಓದಿದವನಾದ್ದರಿಂದ ಮನೆಗೆ ಬಂದ ಮೇಲೆ ಈ ಪ್ರವಾಸದ ಜಮೆ-ಖರ್ಚನ್ನು ಬರೆದು ನೋಡಿದೆನು. ನಾಲ್ಕು ತಾಣಗಳಲ್ಲಿ ನಿಂತ ವೇಳೆ ಒಟ್ಟು ಹತ್ತು ಗಂಟೆಯೂ ಆಗಲಿಲ್ಲ. ಕಾರಿನಲ್ಲಿ ಕಳೆದದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಹಿಮ ಬಿದ್ದಿದ್ದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ. ಜಮೆಯ ಕಡೆಗೆ ಬರೆಯಬಹುದಾದವು ಎರಡೇ: ನಾರ್ಕಂಡಾದ ತೋಟಗಾರರ ಮಾತು, ಪಲಚಾನಿನಲ್ಲಿ ನಿಂತ ಹಾಡು. ಎರಡೂ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮ ಆಚಾರ್ಯರು ಗೃಹಸ್ಥನಿಗೆ ಹೇಳಿದ ಗುಣವ್ರತಗಳಲ್ಲಿ ದಿಗ್ವ್ರತವು ಮೊದಲನೆಯದು. ಇಂತಿಂಥ ದಿಕ್ಕಿನಲ್ಲಿ ಇಲ್ಲಿಯವರೆಗೆ ಮಾತ್ರ ಹೋಗುವೆನೆಂದು ಜೀವಮಾನಕ್ಕೆ ಎಲ್ಲೆ ಹಾಕಿಕೊಳ್ಳುವ ವ್ರತ ಅದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ತಿಳಿದಿರುವಂತೆ ಸಮುದ್ರ, ನದಿ, ಅಡವಿ, ಬೆಟ್ಟಗಳೇ ಈ ವ್ರತದ ಎಲ್ಲೆಗಲ್ಲುಗಳು. ತತ್ತ್ವಾರ್ಥಸೂತ್ರವು ಇದರ ಅತಿಚಾರಗಳನ್ನು ಹೇಳುವಾಗ ಮೇಲಿನ ದಿಕ್ಕಿನ ಮಿತಿ ಮೀರುವುದನ್ನು ಮೊದಲು ಹೆಸರಿಸುತ್ತದೆ. ಬೆಟ್ಟ ಏರುವುದನ್ನು ಇದಕ್ಕೆ ನಿದರ್ಶನವಾಗಿ ಕೊಡುವುದು ವಾಡಿಕೆ. ವ್ಯಾಪಾರಿ ಸಮಾಜವೊಂದು, ದೂರದೂರಕ್ಕೆ ಹೋದಷ್ಟೂ ಲಾಭವೆಂದು ತಿಳಿದ ಸಮಾಜವೊಂದು, ಇಂಥ ವ್ರತವನ್ನು ಏಕೆ ಇಟ್ಟುಕೊಂಡಿತು? ಎಲ್ಲೆಯ ಆಚೆಗಿರುವ ಜೀವಿಗಳಿಗೆ ನಮ್ಮಿಂದ ಭಯವಿರಬಾರದೆಂಬುದೇ ಇದರ ತಾತ್ಪರ್ಯ. ನಾವು ಹೋಗದ ದಿಕ್ಕಿಗೆ ನಾವು ಅಭಯ ಕೊಟ್ಟಂತೆ. ಮುನಿಗಳ ಚಾತುರ್ಮಾಸವೂ ಇದೇ ತತ್ತ್ವದ್ದು. ಮಳೆಗಾಲದಲ್ಲಿ ನೆಲದ ತುಂಬ ಜೀವರಾಶಿ ಇರುವಾಗ ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ. ಉಝಿ ಕಣಿವೆಯ ಜನರ ದೇವತೆಗಳು ಬೇರೆ, ಕಾರಣಗಳು ಬೇರೆ. ಆದರೆ ವರ್ಷದ ಒಂದು ಭಾಗದಲ್ಲಿ ನೆಲವನ್ನು ಅಗೆಯದೆ, ಸದ್ದು ಮಾಡದೆ ಇರುವ ಸಂಯಮವನ್ನು ನಾವು ಗುರುತಿಸದಿದ್ದರೆ ಇನ್ನಾರು ಗುರುತಿಸಬೇಕು?

ಇಲ್ಲಿ ನಮ್ಮ ಸಮಾಜದ ಇತ್ತೀಚಿನ ಒಂದು ಘಟನೆಯನ್ನು ನೆನೆಯಬೇಕು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಝಾರ್ಖಂಡದ ಸಮ್ಮೇದ ಶಿಖರಜಿಯನ್ನು ಪ್ರವಾಸೋದ್ಯಮದ ತಾಣವಾಗಿ ಮಾಡುವುದರ ವಿರುದ್ಧ 2022ರ ಡಿಸೆಂಬರಿನಲ್ಲಿ ದೇಶದಾದ್ಯಂತ ನಾವು ಬೀದಿಗಿಳಿದೆವು. ಅಂಗಡಿಗಳನ್ನು ಮುಚ್ಚಿದೆವು, ಮೆರವಣಿಗೆ ಮಾಡಿದೆವು, ಉಪವಾಸ ಮಾಡಿದೆವು. ಕೇಂದ್ರ ಸರಕಾರವು 2023ರ ಜನವರಿ 5ರಂದು ಆ ಬೆಟ್ಟದ ಮೇಲೆ ಪ್ರವಾಸೋದ್ಯಮದ ಚಟುವಟಿಕೆಗಳಿಗೆ ತಡೆ ನೀಡಿ, ಮದ್ಯ, ಅಬ್ಬರದ ಸಂಗೀತ ಮೊದಲಾದವನ್ನು ನಿಷೇಧಿಸಲು ಸೂಚಿಸಿತು. ಅಂದು ನಮ್ಮ ವಾದ ಏನಿತ್ತು? ಈ ಬೆಟ್ಟ ವಿಹಾರಕ್ಕಲ್ಲ, ಇಲ್ಲಿಗೆ ಬರುವವನು ಯಾತ್ರಿಕನಾಗಿ ಬರಲಿ ಎಂಬುದು. ಅದು ನ್ಯಾಯವಾದ ಬೇಡಿಕೆ. ಅದೇ ಬೆಟ್ಟವನ್ನು ಸಂತಾಲ ಆದಿವಾಸಿಗಳು ಮರಾಂಗ್ ಬುರು ಎಂದು ಪೂಜಿಸುತ್ತಾರೆ. ತಮ್ಮ ಹಕ್ಕಿಗಾಗಿ ಅವರೂ ಆ ದಿನಗಳಲ್ಲಿ ಧ್ವನಿ ಎತ್ತಿದರು. ಒಂದು ಬೆಟ್ಟ ಒಬ್ಬರಿಗೇ ಪವಿತ್ರವಾಗಿರುವುದಿಲ್ಲವೆಂಬುದನ್ನು ಇದು ನಮಗೆ ನೆನಪಿಸಬೇಕು.

ಅದೇ ಜನವರಿಯ ಅದೇ ವಾರದಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟವು. ಔಲಿಯ ಸ್ಕೀ ಇಳಿಜಾರುಗಳಿಗೆ ಹೋಗುವ ರೋಪ್‌ವೇ ಆರಂಭವಾಗುವುದು ಆ ಊರಿನಿಂದಲೇ, ಅದನ್ನು ನಿಲ್ಲಿಸಬೇಕಾಯಿತು. ಆ ಊರು ಹಳೆಯ ಭೂಕುಸಿತದ ರಾಶಿಯ ಮೇಲೆ ನಿಂತಿದೆ, ಭಾರವಾದ ಕಟ್ಟಡ ಸಲ್ಲದು ಎಂದು ಮಿಶ್ರಾ ಸಮಿತಿಯು 1976ರಲ್ಲಿಯೇ ಎಚ್ಚರಿಸಿತ್ತು. ಕುದುರೆಯ ಬೆನ್ನಿಗೆ ಇರುವಂತೆ ಬೆಟ್ಟದ ಬೆನ್ನಿಗೂ ಒಂದು ಶಕ್ತಿ ಇದೆ. ಅತಿಭಾರಾರೋಪಣ ಎಂಬ ಮಾತನ್ನು ನಾವು ಈಗ ಊರು-ಬೆಟ್ಟಗಳಿಗೂ ವಿಸ್ತರಿಸಿ ಓದಬೇಕಾದ ಕಾಲ ಬಂದಿದೆ.

ಆದ್ದರಿಂದ ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಬೆಟ್ಟಕ್ಕಾಗಿ 2023ರಲ್ಲಿ ನಾವು ಏನನ್ನು ಕೇಳಿದೆವೋ ಅದನ್ನು ಪರರ ಬೆಟ್ಟಕ್ಕೆ ಕೇಳದೆಯೇ ಕೊಡಬೇಕು. ಕೊಡದಿದ್ದರೆ ನಮ್ಮ ಬೇಡಿಕೆ ಧರ್ಮದ್ದಾಗದೆ ಕೇವಲ ಸ್ವತ್ತಿನದಾಗುತ್ತದೆ.

ಪ್ರವಾಸಿಗರು ಹೋಗದಿದ್ದರೆ ಅಲ್ಲಿಯ ಜನರ ಹೊಟ್ಟೆಪಾಡೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದು. ಮೌನ ಪಾಲಿಸುವ ಆ ಊರುಗಳವರೇ ಹೋಟೆಲು ನಡೆಸುತ್ತಾರೆ, ಕಾರು ಓಡಿಸುತ್ತಾರೆ, ಸ್ಕೀ ಕಲಿಸುತ್ತಾರೆ. ಹೋಗಬೇಡಿರೆಂದು ಹೇಳುವುದು ಅವರ ಅಂಗಡಿಗೆ ಬೀಗ ಹಾಕಿದಂತೆ. ಆದರೆ ನಾಲ್ಕು ತಾಣಗಳಲ್ಲಿ ಎರಡೆರಡು ಗಂಟೆ ನಿಂತವನು ಬಿಟ್ಟುಬರುವುದು ಹೊಗೆ ಹಾಗೂ ಕಸವನ್ನೇ ಹೆಚ್ಚು. ಒಂದೇ ಊರಿನಲ್ಲಿ ಮೂರು ರಾತ್ರಿ ನಿಂತವನು ಅಲ್ಲಿಯವರ ಮನೆಯಲ್ಲಿ ಉಂಡು, ಅಲ್ಲಿಯ ಹಣ್ಣು ಕೊಂಡು, ಅಲ್ಲಿಯ ಗುರುವಿನಿಂದ ಆಟ ಕಲಿತು, ಹಣವನ್ನು ಅಲ್ಲಿಯೇ ಬಿಟ್ಟುಬರುತ್ತಾನೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಎರಡನೆಯ ಗಿರಾಕಿಯೇ ಉತ್ತಮ.

ಈ ಪತ್ರಿಕೆಯನ್ನು ಓದುವ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ನನ್ನದೊಂದು ವಿನಂತಿ. ವಾರಾಂತ್ಯದ ಅವಸರವು ಹಿಮತಾಣಗಳಿಗೆ ಮಾತ್ರ ಸೀಮಿತವಾಗಿಲ್ಲ. ನಮ್ಮ ಯಾತ್ರೆಗಳಲ್ಲಿಯೂ ಹೊಕ್ಕಿದೆ. ಎರಡು ದಿನಗಳ ಬಸ್ಸಿನ ಯಾತ್ರೆಯಲ್ಲಿ ಶ್ರವಣಬೆಳಗೊಳ, ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳಗಳನ್ನೆಲ್ಲ ಸೇರಿಸುವ ಪತ್ರಕಗಳು ನಮ್ಮ ಅಂಗಡಿಗೂ ಬರುತ್ತವೆ. ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಗೊಮ್ಮಟೇಶ್ವರನ ಮುಂದೆ ಕುಳಿತುಕೊಳ್ಳುವ ಮೊದಲೇ ಬಸ್ಸಿನ ಹಾರ್ನು ಕರೆಯುತ್ತದೆ. ಯಾತ್ರೆಯ ಪತ್ರಕದಲ್ಲಿ ಕ್ಷೇತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಪ್ರತಿ ಕ್ಷೇತ್ರದಲ್ಲಿ ಒಂದು ಪೂರ್ಣ ದಿನವನ್ನು ಇಡಲಿ. ಹೋಗುವ ಊರಿನ ಜನರ ವ್ರತ, ಹಬ್ಬ, ನೀರಿನ ಸ್ಥಿತಿಗಳನ್ನು ಮೊದಲೇ ವಿಚಾರಿಸಿ ಯಾತ್ರಿಕರಿಗೆ ತಿಳಿಸಲಿ. ಕುಟುಂಬಗಳು ವರ್ಷಕ್ಕೆ ಇಷ್ಟೇ ಪ್ರವಾಸ, ಒಂದು ಪ್ರವಾಸಕ್ಕೆ ಒಂದೇ ಊರು ಎಂದು ದಿಗ್ವ್ರತದ ಚಿಕ್ಕ ರೂಪವೊಂದನ್ನು ಸ್ವಇಚ್ಛೆಯಿಂದ ಹಾಕಿಕೊಳ್ಳಲಿ. ನಮ್ಮ ಸುತ್ತಲಿನ ಊರುಗಳ ಶ್ರಾವಕರು ಸೇರಿ ಹೊರಡಿಸುವ ಯಾತ್ರೆಯನ್ನು ಕಳೆದ ವರ್ಷದಿಂದ ಒಂದು ಬೆಟ್ಟ, ಮೂರು ದಿನ ಎಂಬ ಕ್ರಮಕ್ಕೆ ತಂದಿದ್ದೇವೆ. ಹೆಸರು ನೋಂದಾಯಿಸಿದವರ ಸಂಖ್ಯೆ ಮೊದಲಿಗಿಂತ ಕಡಿಮೆಯಾಯಿತು. ಆದರೆ ಮರಳಿ ಬಂದವರು ಕಂಡದ್ದನ್ನು ಹೇಳಬಲ್ಲವರಾಗಿದ್ದರು.

ನಾವು ಮರಳಿದ ಹದಿನೈದು ದಿನಗಳ ಮೇಲೆ, ಜನವರಿಯ ಕೊನೆಯ ದಿನದಂದು, ಹಿಮಾಚಲದಲ್ಲಿ ಹಿಮ ಬಿದ್ದಿತು. ಸುದ್ದಿ ಕೇಳಿದ ಮೊಮ್ಮಗನು ಪುಣೆಯಿಂದ ದೂರವಾಣಿ ಮಾಡಿ ತನಗೆ ಹಿಮ ತಪ್ಪಿತೆಂದು ಹೇಳಲಿಲ್ಲ. ನಾರ್ಕಂಡಾದ ಆ ಅಜ್ಜನ ಗಿಡಗಳಿಗೆ ಇನ್ನು ಸಾವಿರ ಗಂಟೆ ತುಂಬಬಹುದೇ ಎಂದು ಕೇಳಿದನು. ತುಂಬಲೆಂದು ನಾನು ಹಾರೈಸಿದೆನು.